ಗಾಜಿನಂಥ ಕವರಿನೊಳಗೆ ಎಂಟು ಜನ

ನಮ್ಮ ಅಂಬಾಸಿಡರ್ ಕಾರಿನ ಇಂಜಿನ್ನಿನೊಳಗೆ ಎಂಟು ಜನ ಅಕ್ಕತಂಗಿಯರು ವಾಸವಾಗಿದ್ದಾರೆ ಎಂದು ನನಗೆ ಹೇಳಿದವಳು ಅಜ್ಜಿ ಸೊಣ್ಣಮ್ಮ. ತಾತ ಸಂಜೀವಪ್ಪ ವಿಜಯಪುರದ ಬಸ್ ಸ್ಟ್ಯಾಂಡಿನಿಂದ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ ಕಾಲದ ಮಾತು. ಹಿಂದಿನ ಸೀಟಿನಲ್ಲಿ ಅಜ್ಜಿಯ ತೊಡೆಯ ಮೇಲೆ ಮಲಗಿದ್ದರೆ ಬಾನೆಟ್ಟಿನ ಕಡೆಯಿಂದ ಟಕಟಕ, ಟಕಟಕ ಎಂದು ಕೇಳುತ್ತಿತ್ತು.

"ಭತ್ತ ಕುಟ್ತಾವ್ರೆ ಕಣೆ. ಒಬ್ಳು ಒನಕೆ ಎತ್ತಿದ್ರೆ ಇನ್ನೊಬ್ಳು ಇಳಿಸ್ತಾಳೆ," ಎಂದು ಅಜ್ಜಿ ಶುರು ಮಾಡುತ್ತಿದ್ದಳು. ಆಮೇಲೆ ಆ ದಿನದ ಕಥೆ. ದೊಡ್ಡವಳು ಗಂಡನನ್ನು ಹುಡುಕಿಕೊಂಡು ದೇವನಹಳ್ಳಿ ಕೋಟೆ ಹತ್ತಿದ್ದು, ಕಿರಿಯವಳು ರೇಷ್ಮೆಗೂಡಿನೊಳಗೆ ಅಡಗಿ ಕೂತದ್ದು, ಹೀಗೆ ದಿನಕ್ಕೊಂದು. ಕಾರಿನ ಸದ್ದೇ ಅದಕ್ಕೆ ತಾಳ.

ತಾತ ತೀರಿಹೋದ ಮೇಲೆ ಕಾರು ಅಪ್ಪನ ಗ್ಯಾರೇಜಿನ ಹಿಂದಿನ ಶೆಡ್ಡು ಸೇರಿತು. ಅಪ್ಪ ಕಾಂತರಾಜು ಮೆಕ್ಯಾನಿಕ್. ಅದನ್ನು ಇವತ್ತಿಗೂ ಮದುಮಗನ ಥರ ಇಟ್ಟಿದ್ದಾನೆ. ಆದರೆ ಈಚೆಗೆ ಅಜ್ಜಿಯ ಕಿವಿ ಹೋಯಿತು. ಕಿವಿಗೆ ಮಷೀನು ತಂದುಕೊಟ್ಟರೆ, "ಒಳಗೆ ಜೀರುಂಡೆ ಕೂತಂಗಾಗತ್ತೆ," ಎಂದು ಎಲೆಅಡಿಕೆ ಡಬ್ಬಿಗೆ ಹಾಕಿದಳು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿಯೇ ತಿಳಿದುಕೊಳ್ಳುತ್ತಾಳೆ, ಮನೆಯ ವ್ಯವಹಾರವೆಲ್ಲ ನಡೆಯುತ್ತದೆ. ನಿಂತುಹೋದದ್ದು ಕಥೆ. ಹೋದ ವರ್ಷ ಆಯುಧಪೂಜೆಗೆ ಅಪ್ಪ ಕಾರು ಸ್ಟಾರ್ಟ್ ಮಾಡಿದಾಗ ಅಜ್ಜಿ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ಹೊರಟೋದ್ರು ಕಣೆ. ಒಳಗೆ ಯಾರೂ ಇಲ್ಲ," ಎಂದು ಮನೆಯೊಳಕ್ಕೆ ನಡೆದುಬಿಟ್ಟಳು. ಅವತ್ತಿನಿಂದ ನಾನು ಎಷ್ಟು ಪೀಡಿಸಿದರೂ ಒಂದೇ ಒಂದು ಕಥೆ ಹೇಳಿಲ್ಲ.

ನಾನು ಮುನಿಕೃಷ್ಣಣ್ಣನ ಬೋರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಅಕ್ರಿಲಿಕ್ ಶೀಟು ಕತ್ತರಿಸಿ ಅಂಗಡಿಯ ಹೆಸರು, ಮನೆಯ ಹೆಸರು, ಸನ್ಮಾನದ ಫಲಕ ಮಾಡುವ ಕೆಲಸ. ಒಂದು ಮಧ್ಯಾಹ್ನ ಸೀರೆ ಅಂಗಡಿಯೊಂದಕ್ಕೆ ಅಕ್ರಿಲಿಕ್ಕಿನ ಗಾಜಿನಂಥ ಪೆಟ್ಟಿಗೆ ಅಂಟಿಸುತ್ತಿದ್ದೆ. ಒಳಗಿಟ್ಟ ಗೊಂಬೆಯ ಸೀರೆಯ ನೆರಿಗೆ ನೆರಿಗೆಯೂ ಹೊರಗೆ ಕಾಣುತ್ತಿತ್ತು. ನನ್ನ ಕೈ ಅಲ್ಲೇ ನಿಂತಿತು. ಅಜ್ಜಿಗೆ ಕೇಳಿಸದಿದ್ದರೆ ಏನಂತೆ, ಕಾಣಿಸಬಹುದಲ್ಲ!

ಸಾಯಂಕಾಲ ಗ್ಯಾರೇಜಿಗೆ ಓಡಿದೆ. "ಅಪ್ಪ, ಅಂಬಾಸಿಡರ್ ಟ್ಯಾಪೆಟ್ ಕವರ್ ಬಿಚ್ಚು."

"ಯಾಕೆ, ಆಯಿಲ್ ಸೋರ್ತಾ ಐತಾ?"

"ತಗಡಿನ ಕವರ್ ತೆಗ್ದು ಅಕ್ರಿಲಿಕ್ದು ಹಾಕಣ. ಒಳಗಿರೋರು ಅಜ್ಜಿಗೆ ಕಾಣ್ಬೇಕು."

ಅಪ್ಪ ನನ್ನ ಹಣೆ ಮುಟ್ಟಿ ನೋಡಿದ. "ಜ್ವರ ಇಲ್ವಲ್ಲ. ಬಿಸಿ ಆಯಿಲ್ ಬಿದ್ರೆ ಅದು ಹಪ್ಪಳ ಆಗೋಗತ್ತೆ ಕಣಮ್ಮ."

"ಇಂಜಿನ್ ಕಾಯೋಕೆ ಮುಂಚೆ ಆಫ್ ಮಾಡಣ. ಅಷ್ಟೊತ್ತು ಸಾಕು."

"ನಿಮ್ಮಜ್ಜಿ ಕಥೆ ಕೇಳೀ ಕೇಳೀ ನಿನ್ನ ತಲೇಲೂ ಎಂಟು ಜನ ಸೇರ್ಕೊಂಡವ್ರೆ," ಎಂದ. ಅನ್ನುತ್ತಿರುವಾಗಲೇ ಸ್ಪ್ಯಾನರ್ ಅವನ ಕೈಗೆ ಬಂದಾಗಿತ್ತು. ಇಂಜಿನ್ನಿನ ನೆತ್ತಿಯ ಮೇಲಿನ ಎರಡು ನಟ್ಟು ಬಿಚ್ಚಿ ಕವರ್ ಎತ್ತಿದ. ಉದ್ದಕ್ಕೆ ಒಂದು ಸರಳು, ಅದರ ಮೇಲೆ ಸಾಲಾಗಿ ಎಂಟು ಕಬ್ಬಿಣದ ತೋಳುಗಳು. ಎಣ್ಣೆ ಮೆತ್ತಿಕೊಂಡು ನಿದ್ದೆಯಲ್ಲಿದ್ದವು. ಇಷ್ಟು ವರ್ಷ ಕೇಳಿದ್ದೆನೇ ಹೊರತು ಮುಖ ನೋಡಿರಲಿಲ್ಲ.

ತಗಡಿನ ಕವರನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದುಕೊಂಡೆ. ಅಂಗಡಿಯ ಲೇಸರ್ ಮಷೀನಿನಲ್ಲಿ ಅಡಿಯ ಪಟ್ಟಿಯನ್ನು ದಪ್ಪ ಶೀಟಿನಲ್ಲೂ ಗೋಡೆ, ಮುಚ್ಚಳಗಳನ್ನು ತೆಳು ಶೀಟಿನಲ್ಲೂ ಕತ್ತರಿಸಿದೆ. ಮೂಲೆಗಳನ್ನು ಕಾಯಿಸಿ ಬಾಗಿಸಿ, ಸಂದಿಗೆ ಸಿರಿಂಜಿನಿಂದ ಕ್ಲೋರೋಫಾರಂ ಬಿಟ್ಟೆ. ನೀರಿನ ಹಾಗೆ ಸರ್ರನೆ ಒಳಗೆ ಹರಿದು ಎರಡು ತುಂಡನ್ನು ಒಂದೇ ಮಾಡಿಬಿಡುತ್ತದೆ ಅದು. ಮೊದಲನೆಯ ಕವರ್ ಕೂರಿಸಿದ ದಿನವೇ ಹೋಯಿತು. ನಟ್ಟು ಬಿಗಿಯಾದ ಮೇಲೂ ಅಪ್ಪ ಸ್ಪ್ಯಾನರನ್ನು ಇನ್ನೊಂದು ಮುರಿ ಮುರಿದ. ಚಟ್!

"ಕೈಗೆ ಅಭ್ಯಾಸ ಕಣಮ್ಮ, ನಾನೇನ್ಮಾಡ್ಲಿ?" ಎಂದು ಮುಖ ಸಣ್ಣಗೆ ಮಾಡಿದ.

ಎರಡನೆಯದು ಬೆಣ್ಣೆಯಂತೆ ಕೂತಿತು. ಅಡಿಗೆ ಕಾರ್ಕಿನ ಪಟ್ಟಿ, ನಟ್ಟಿನ ಕೆಳಗೆ ರಬ್ಬರ್. ಅಜ್ಜಿಗೆ ಗುಟ್ಟು ಬಿಡಲಿಲ್ಲ. ಆಯುಧಪೂಜೆಯ ದಿನ ಕಾರು ಸ್ಟಾರ್ಟ್ ಆಗುವ ಹೊತ್ತಿಗೆ ಅವಳನ್ನು ಎದುರು ನಿಲ್ಲಿಸುವುದೆಂದು ಮಾತಾಯಿತು.

ಹಬ್ಬದ ಬೆಳಿಗ್ಗೆ ಸ್ನಾನ ಮುಗಿಸಿ ಶೆಡ್ಡಿಗೆ ಬಂದರೆ ಅಪ್ಪ ಕೈಯಲ್ಲಿ ಬಟ್ಟೆ ಹಿಡಿದು ಹಲ್ಲು ಬಿಟ್ಟುಕೊಂಡು ನಿಂತಿದ್ದ. "ಬಾ ಬಾ, ಎಲ್ಲಾ ಫಳಫಳ ಅನ್ನಂಗೆ ಒರ್ಸಿದೀನಿ. ನಿನ್ನ ಕವರ್‍ರೂ."

"ಏನ್ರಲ್ಲಿ ಒರ್ಸಿದ್ಯಪ್ಪ?"

"ಇನ್ನೇನ್ರಲ್ಲಿ? ಪೆಟ್ರೋಲ್‌ನಲ್ಲಿ."

ಪ್ರತಿ ಹಬ್ಬಕ್ಕೂ ಗ್ಯಾರೇಜಿನ ಸಕಲವೂ ಪೆಟ್ರೋಲಿನಲ್ಲಿಯೇ ಮಡಿಯಾಗುವುದು. ಅಕ್ರಿಲಿಕ್ಕಿಗೆ ಪೆಟ್ರೋಲು ವಿಷ. ಕವರಿನ ನಟ್ಟಿನ ತೂತುಗಳ ಸುತ್ತ ಕೂದಲೆಳೆಯ ಬಿರುಕುಗಳು ಹರಡಿದ್ದವು. ನಾವು ನೋಡುತ್ತಿದ್ದಂತೆಯೇ ಮುಚ್ಚಳದ ಉದ್ದಕ್ಕೂ ಜೇಡರಬಲೆ ನೇಯುತ್ತ ಬೆಳ್ಳಗಾಗುತ್ತ ಹೋಯಿತು. ಒಳಗೆ ಎಂಟಲ್ಲ, ಒಬ್ಬಳೂ ಕಾಣಲಿಲ್ಲ.

"ಹಳೇ ಕವರೇ ಹಾಕ್ಬಿಡ್ತೀನಿ ಬಿಡಮ್ಮ," ಎಂದ ಅಪ್ಪನ ದನಿ ಇಳಿದಿತ್ತು.

"ಹಾಕ್ಬೇಡ! ಬಂದೆ!" ಎಂದು ಸ್ಕೂಟರ್ ಹತ್ತಿದೆ.

ದಾರಿಯುದ್ದಕ್ಕೂ ಒಂದೇ ಹೆದರಿಕೆ. ಪೂಜೆಗೆ ಇಟ್ಟ ಹತಾರವನ್ನು ಮಾರನೆಯ ದಿನದವರೆಗೆ ಯಾರೂ ಮುಟ್ಟುವುದಿಲ್ಲ. ಮುನಿಕೃಷ್ಣಣ್ಣ ಆರತಿ ಎತ್ತಿಬಿಟ್ಟರೆ ಲೇಸರ್ ಮಷೀನು ಇವತ್ತಿಗೆ ದೇವರು. ರಸ್ತೆಯಲ್ಲಿ ಟ್ರ್ಯಾಕ್ಟರಿಗೆ ಬಾಳೆಕಂದು, ಆಟೋಗೆ ಸೇವಂತಿಗೆ, ರೇಷ್ಮೆ ಹುರಿ ಮಾಡುವ ಮಷೀನಿನ ಮನೆಗಳ ಮುಂದೆಲ್ಲ ಒಡೆದ ಬೂದುಗುಂಬಳ. ಸಂದಿಯಲ್ಲಿ ನುಗ್ಗಿಸಿದೆ.

ಅಂಗಡಿಯೊಳಗೆ ಮಷೀನು ಆಗಲೇ ವಿಭೂತಿ ಬಳಿದುಕೊಂಡು, ಹಾರ ಹಾಕಿಕೊಂಡು ಕೂತಿತ್ತು. ಮುನಿಕೃಷ್ಣಣ್ಣ ಕರ್ಪೂರಕ್ಕೆ ಬೆಂಕಿಕಡ್ಡಿ ಗೀರುತ್ತಿದ್ದ.

"ಅಣ್ಣಾ, ಹಚ್ಬೇಡಿ!"

ಅವನು ಬೆಚ್ಚಿ ಕಡ್ಡಿ ಕೆಳಗೆ ಬಿಟ್ಟ. "ಏನಾಯ್ತೇ ಚಂದನ, ಬೆಂಕಿ ಬಿತ್ತಾ?"

ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವನು ತಲೆ ಕೆರೆದುಕೊಂಡ. "ಹಾರ ಹಾಕಾಗೈತೆ ಕಣಮ್ಮ. ಹಾಕಿದ್ ಹಾರ ಕೀಳೋದು ಒಳ್ಳೇದಲ್ಲ."

"ಹಾರ ಇರ್ಲಿ ಅಣ್ಣ, ಮಷೀನ್ ಓಡ್ಲಿ. ಆರತಿ ಇನ್ನೂ ಆಗಿಲ್ವಲ್ಲ?"

ಆರತಿ ತಟ್ಟೆ ಹಿಡಿದಿದ್ದ ಅವನ ಹೆಂಡತಿ ಮಮತಕ್ಕ ತಟ್ಟೆಯನ್ನು ದಡಕ್ಕನೆ ಟೇಬಲ್ಲಿನ ಮೇಲಿಟ್ಟಳು. "ರೀ, ಹಾರ ಹಾಕ್ಕೊಂಡ್ ಮೇಲೆ ಮದುವೆ ಗಂಡು ಊಟ ಮಾಡಲ್ವಾ? ಸ್ವಿಚ್ ಹಾಕ್ರಿ!"

ಹಾರ ತೂಗುತ್ತಲೇ ಮಷೀನು ಓಡಿತು. ನಾನು ಸೇವಂತಿಗೆ ಎಸಳು ಬೀಳದಂತೆ ಕೈ ಅಡ್ಡ ಹಿಡಿದಿದ್ದೆ. ಮಮತಕ್ಕ ತುಂಡು ತುಂಡೇ ಎತ್ತಿ ಕೊಟ್ಟಳು. ಮುನಿಕೃಷ್ಣಣ್ಣ ಮೂಲೆಗಳನ್ನು ಬಾಗಿಸಿದ, ನಾನು ಸಿರಿಂಜು ಹಿಡಿದೆ. ಕೊನೆಯ ಸಂದಿ ಅಂಟಿತೋ ಇಲ್ಲವೋ, ಕವರನ್ನು ಟವಲಿನಲ್ಲಿ ಕೂಸಿನಂತೆ ಸುತ್ತಿಕೊಂಡು ಹೊರಬಿದ್ದೆ. ಹಿಂದೆ ಮಂಗಳಾರತಿಯ ಗಂಟೆ ಶುರುವಾಯಿತು.

ಮನೆಯಲ್ಲಿ ಇನ್ನೊಂದು ತಮಾಷೆ. ಸ್ಪ್ಯಾನರುಗಳೆಲ್ಲ ಬಾಳೆಎಲೆಯ ಮೇಲೆ ಕುಂಕುಮ ಇಟ್ಟುಕೊಂಡು ಮಲಗಿದ್ದವು. ಅವುಗಳ ಪೂಜೆ ಮುಗಿದಿತ್ತು. ಕಾರಿಗೆ ಮಾತ್ರ ಆರತಿ ಬಾಕಿ. ಅಪ್ಪ ಬೆರಳಿನಲ್ಲೇ ನಟ್ಟು ತಿರುವುತ್ತ ಗೊಣಗಿದ: "ಮೂವತ್ತು ವರ್ಷದ ಮೆಕ್ಯಾನಿಕ್ಕು, ಬೆರಳಲ್ಲಿ ನಟ್ ಬಿಗೀತಾವ್ನೆ ಅಂದ್ರೆ ಜನ ನಗ್ತಾರೆ."

"ನಗ್ಲಿ ಬಿಡಪ್ಪ. ಒಡೆಯಲ್ವಲ್ಲ!"

ಅಜ್ಜಿ ಅಡುಗೆಮನೆಯಲ್ಲಿ ಕಡಲೆಕಾಳು ಉಸಲಿಗೆ ಒಗ್ಗರಣೆ ಹಾಕುತ್ತಿದ್ದಳು. ಕೈ ಹಿಡಿದು ಎಳೆದೆ.

"ಬಿಡೇ, ಸೌಟು ಕೈಯಾಗೈತೆ! ನಾನ್ಯಾಕೆ ಅಲ್ಲಿಗೆ? ಆ ಮೂಗಿ ಕಾರ್ ಮುಂದೆ ನಿಂತ್ಕೊಂಡು ಏನ್ ಮಾಡ್ಲಿ?"

ಸೌಟಿನ ಸಮೇತ ಎಳೆದು ತಂದೆ. ಬಾನೆಟ್ ತೆರೆದೇ ಇತ್ತು. ಅಪ್ಪ ಒಳಗೆ ಕೂತು ಕಿಟಕಿಯಿಂದ ನನ್ನ ಮುಖ ನೋಡಿದ, ನಾನು ತಲೆಯಾಡಿಸಿದೆ. ಕಾರು ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿ ಹಿಡಿದುಕೊಂಡಿತು.

ಎಂಟು ಜನವೂ ಒಟ್ಟಿಗೆ ಎಚ್ಚೆತ್ತರು. ಒಬ್ಬಳು ಏಳುತ್ತಿದ್ದಂತೆ ಇನ್ನೊಬ್ಬಳು ಬಾಗಿ, ಅವಳು ಬಾಗುವಷ್ಟರಲ್ಲಿ ಆಚೆಯವಳು ತಲೆಯೆತ್ತಿ, ಸಾಲು ಸಾಲೇ ಕುಣಿಯತೊಡಗಿತು. ಹೊಂಬಣ್ಣದ ಹೊಸ ಎಣ್ಣೆ ಅವರ ತೋಳ ಮೇಲೆ ಉಕ್ಕಿ, ಹನಿಗಳು ಕವರಿನ ಗೋಡೆಗೆ ಸಿಡಿದು ಜಾರಿದವು. ಕಾರ್ಕಿನ ಪಟ್ಟಿಯಿಂದ ಒಂದು ತೊಟ್ಟೂ ಹೊರಬರಲಿಲ್ಲ. ನಾನು ಕಾರನ್ನು ನೋಡಲೋ ಅಜ್ಜಿಯನ್ನು ನೋಡಲೋ!

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಬಗ್ಗಿದಳು. ಹುಬ್ಬು ಗಂಟಿಕ್ಕಿತು. ಸೌಟನ್ನು ನನ್ನ ಕೈಗೆ ತುರುಕಿ, ತಲೆಯನ್ನು ಇಂಜಿನ್ನಿನ ತನಕ ತಂದಳು. ತುಟಿ ಅಲ್ಲಾಡಿತು, ಎಣಿಸುತ್ತಿದ್ದಳು.

"ಲೇ ಚಂದನಾ," ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು, "ಇವ್ರು ಭತ್ತ ಕುಟ್ತಿಲ್ಲ ಕಣೆ! ಯಾತ ಹೊಡೀತಾವ್ರೆ!"

ನಾನು ಯಾತ ನೋಡಿದವಳಲ್ಲ. ಅಜ್ಜಿ ತನ್ನ ತೋಳನ್ನೇ ಉದ್ದ ಚಾಚಿ ತೋರಿಸಿದಳು: ಬಾವಿಯ ಮೇಲೆ ದೊಡ್ಡ ಮರದ ದಿಮ್ಮಿ, ಈ ತುದಿ ತಗ್ಗಿದರೆ ಆ ತುದಿಯಲ್ಲಿ ನೀರಿನ ಬಾನಿ ಮೇಲೆ. "ನಮ್ಮಪ್ಪ ಮೇಲೆ ನಿಂತ್ಕೊಂಡು ಹಿಂದಕ್ಕೂ ಮುಂದಕ್ಕೂ ಓಡಾಡೋನು. ನೋಡು, ನೋಡು, ಹಂಗೇ! ಎಂಟು ಬಾವಿ, ಎಂಟು ಯಾತ!"

ಎಣ್ಣೆ ಸಿಡಿದು ಕವರ್ ಮಸುಕಾಗತೊಡಗಿತ್ತು. "ಅಮ್ಮಾ, ಇಂಜಿನ್ ಕಾಯ್ತದೆ, ಆಫ್ ಮಾಡ್ತೀನಿ," ಎಂದು ಅಪ್ಪ ಕಿಟಕಿಯಿಂದ ಕೈಸನ್ನೆ ಮಾಡಿದ.

"ಮುಟ್ಟಿದ್ರೆ ನೋಡು! ಇನ್ನೂ ಅವ್ರು ಗದ್ದೆಗೆ ನೀರು ಬಿಟ್ಟಿಲ್ಲ," ಎಂದು ಅಜ್ಜಿ ಗದರಿದಳು. ನನ್ನ ಭುಜ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. "ಒಂದೂರು. ಆ ಊರಿನ ಕೆರೆ ಮುನಿಸ್ಕೊಂಡು ನೆಲದೊಳಕ್ಕೆ ಹೊರಟೋಯ್ತು. ಅದನ್ನ ಮೇಲಕ್ಕೆ ಕರ್ಕೊಂಬರಕ್ಕೆ ಎಂಟು ಜನ ಅಕ್ಕತಂಗೀರು ಹೊರಟ್ರು. ಏಳು ಜನ ಗಟ್ಟಿಗಿತ್ತೀರು. ಈ ಕೊನೇವಳು ಇದಾಳಲ್ಲ..." ಅಜ್ಜಿ ಕವರಿನ ಮೂಲೆಯತ್ತ ಬೆರಳು ತೋರಿಸಿ ನಿಂತಳು. "ಇವಳ ಹೆಸರೇನೇ?"

ನನ್ನನ್ನು ಅಜ್ಜಿ ಹಿಂದೆಂದೂ ಕೇಳಿರಲಿಲ್ಲ. ಹೆಸರುಗಳೆಲ್ಲ ಅವಳ ಸ್ವತ್ತು. ಬಾಯಿಗೆ ಬಂದದ್ದನ್ನು ಅವಳ ಮುಖದೆದುರು ದೊಡ್ಡದಾಗಿ ತುಟಿ ಬಿಡಿಸಿ ಕೂಗಿದೆ: "ಸಪ್ಪಲಮ್ಮ!"

"ಥೂ, ಅದು ದೇವ್ರ ಹೆಸ್ರು ಕಣೆ, ಇವಳು ಸೋಮಾರಿ!" ಅಜ್ಜಿ ನಕ್ಕ ರಭಸಕ್ಕೆ ಬಾಯಿಯ ಎಲೆಅಡಿಕೆ ಸಿಡಿಯಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಬಗ್ಗಿ ನೋಡಿದಳು. "ಇರ್ಲಿ ಬಿಡು. ದೇವ್ರ ಹೆಸ್ರು ಇಟ್ಕೊಂಡವ್ಳೆ ಅಂದ್ಮೇಲೆ ಕೆರೆ ಇವಳ ಮಾತೇ ಮೊದ್ಲು ಕೇಳ್ತದೆ. ಕಾಂತರಾಜು, ಅದಕ್ಕೆ ಇನ್ನೊಂಚೂರು ಜೋರು ಕೊಡೋ!"

ಅಪ್ಪ ಆಕ್ಸಿಲರೇಟರ್ ಒತ್ತಿದ.