ಯಾರು ಕೂಗುತ್ತಾರೆ ನೋಡೋಣ

ಮನೆಯ ಮೂರನೇ ಕೋಣೆಯಲ್ಲಿ ಆರು ಕಂಪ್ಯೂಟರುಗಳು ಹಗಲಿರುಳು ಗುಂಯ್‌ಗುಡುತ್ತಿದ್ದವು. ಅವುಗಳ ಒಡತಿ ಆಸ್ಪತ್ರೆಯೊಂದರಲ್ಲಿ ನೆಟ್‌ವರ್ಕ್ ಇಂಜಿನಿಯರು. ಹೊಸದೇನಿದ್ದರೂ ಮೊದಲು ಮನೆಯ ಲ್ಯಾಬಿನಲ್ಲಿ ಕೆಡಿಸಿ ನೋಡಿ, ಆಮೇಲೆ ಆಸ್ಪತ್ರೆಯಲ್ಲಿ ಸರಿಯಾಗಿ ಮಾಡುವುದು ಅವಳ ಪದ್ಧತಿ. ಗಂಡ ದರ್ಜಿ. ಬಟ್ಟೆ ಕತ್ತರಿಸುವ ಮೇಜನ್ನು ಮಲಗುವ ಕೋಣೆಯಲ್ಲೇ ತುರುಕಿಕೊಂಡು, ಮಂಚ ಹತ್ತಿ ಇಳಿದು ಕೆಲಸ ಮಾಡುತ್ತಿದ್ದ.

"ನಿನ್ನ ಸಂಸಾರಾನೆಲ್ಲ ಕ್ಲೌಡಿಗೆ ಕಳಿಸಿಬಿಡು ತಾಯಿ, ನನಗೆ ಆ ಕೋಣೆ ಕೊಡು," ಅಂದ ಒಂದು ಭಾನುವಾರ.

"ಯಾವುದು ಬೇಕು, ಯಾವುದು ಬೇಡ ಅಂತ ನೋಡಬೇಕು."

"ಎರಡು ವರ್ಷದಿಂದ ನೋಡ್ತಾನೇ ಇದ್ದೀಯ."

ಮಾತು ನಾಟಿತು. ಅವಳ ಕಸುಬಿನಲ್ಲಿ ಒಂದು ತುಂಟ ಉಪಾಯವಿದೆ: ಯಂತ್ರ ಯಾರಿಗೆ ಬೇಕೋ ಗೊತ್ತಿಲ್ಲದಿದ್ದರೆ ಸುಮ್ಮನೆ ಆಫ್ ಮಾಡಿಬಿಡುವುದು, ಬೊಬ್ಬೆ ಹೊಡೆದವರಿಗೆ ಅದು ಬೇಕು ಅಂತ ಲೆಕ್ಕ. ದಿನಕ್ಕೊಂದರಂತೆ, ಲ್ಯಾಪ್‌ಟಾಪಿನಿಂದಲೇ, ಯಾರಿಗೂ ಹೇಳದೆ ಆರಿಸುತ್ತ ಹೋಗುವುದೆಂದುಕೊಂಡಳು.

ಸೋಮವಾರ ಮೊದಲನೆಯದು. ಯಾರೂ ಪಿಟ್ಟೆನ್ನಲಿಲ್ಲ. ಮಂಗಳವಾರ ಎರಡನೆಯದು. ಅದಕ್ಕೂ ಅಷ್ಟೆ.

ಬುಧವಾರ ಮೂರನೆಯದನ್ನು ಆರಿಸಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಒಳಗಿನಿಂದ ಕೂಗು ಬಂತು. "ಅಯ್ಯೋ, ಇನ್ನೊಂದೇ ನಡೆ ಬಾಕಿ ಇತ್ತು!"

ಅತ್ತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿ ನಿವೃತ್ತರಾದವರು. ಆ ಡಬ್ಬಗಳ ಸಹವಾಸವೇ ಬೇಡ ಎಂದು ಬಂದವರ ಮುಂದೆಲ್ಲ ಮೂಗು ಮುರಿಯುತ್ತಿದ್ದವರು. ಈಗ ಟ್ಯಾಬ್ ಹಿಡಿದು ಕೆಂಪಾಗಿ ನಿಂತಿದ್ದರು.

"ಏನಾಯ್ತು ಅತ್ತೆ?"

"ಚದುರಂಗ! ನೀನು ಪರೀಕ್ಷೆಗೆ ಅಂತ ಹಾಕಿಟ್ಟಿದ್ದೆಯಲ್ಲ, ಅದೇ. ಎಕ್ಸ್‌ಚೇಂಜಿನ ಹಳೇ ಗೆಳತಿಯರು ಒಂಬತ್ತು ಜನ ಆಡ್ತೀವಿ."

"ಅವರು ಹೊರಗಿನಿಂದ ಒಳಗೆ ಹೇಗೆ ಬಂದ್ರು?"

"ಲೈನ್ ಜೋಡಿಸೋದು ನನಗೇ ಹೇಳಿಕೊಡ್ತೀಯಾ? ಪಾಸ್‌ವರ್ಡು ಹುಟ್ಟಿದ ದಿನ ಇಟ್ಟುಕೊಂಡರೆ ಯಾರು ಬೇಕಾದರೂ ಬರ್ತಾರೆ."

ಆಸ್ಪತ್ರೆಯವರಿಗೆಲ್ಲ ಪಾಸ್‌ವರ್ಡಿನ ಪಾಠ ಹೇಳುವ ಸೊಸೆ ಹಣೆ ಚಚ್ಚಿಕೊಂಡಳು. ತನ್ನ ಉಪಾಯವನ್ನು ಬಾಯಿಬಿಟ್ಟು, ಯಂತ್ರ ಶುರುಮಾಡಿ, ತಲೆ ತಗ್ಗಿಸಿಕೊಂಡು ಕೆಲಸಕ್ಕೆ ಹೋದಳು.

ಗುರುವಾರ ನಾಲ್ಕನೆಯದು. ಗಂಡ ಕೊರಳಲ್ಲಿ ಟೇಪು ಜೋತುಬಿಟ್ಟುಕೊಂಡೇ ಓಡಿಬಂದ. "ಗಿರಾಕಿಗಳ ಅಳತೆಗಳೆಲ್ಲ ಮಾಯ! ಕೋಟಿನವರು ಬಂದು ಕೂತಿದ್ದಾರೆ!"

"ಕ್ಲೌಡಿಗೆ ಕಳಿಸು ಅಂದಿದ್ದು ನೀವೇ."

"ಕಳಿಸು ಅಂದೆ, ಕೊಲ್ಲು ಅಂದೆನಾ? ಅಲ್ಲದೆ ಊರವರ ಸೊಂಟದ ಸುತ್ತಳತೆ ಯಾರದೋ ಕಂಪ್ಯೂಟರಿನಲ್ಲಿ ಇಡೋಕಾಗುತ್ತಾ? ನನ್ನನ್ನು ನಂಬಿ ಹೊಟ್ಟೆ ಬಿಟ್ಟು ನಿಲ್ಲೋ ಜನ ಅವರು."

ಶುಕ್ರವಾರ ಐದನೆಯದನ್ನು ಆರಿಸಿದಾಗ ಮನೆಯ ಫೋಟೋಗಳು ಕಾಣದಾದವು. ಅತ್ತೆ, ಗಂಡ ಇಬ್ಬರೂ ಸ್ವಲ್ಪ ಗೊಣಗಿ ಸುಮ್ಮನಾದರು.

ಭಾನುವಾರ ಊಟಕ್ಕೆ ಕೂತಾಗ ಅವಳು ತೀರ್ಪು ಕೊಟ್ಟಳು. ಮೊದಲೆರಡು ಹೊರಗೆ. ಚದುರಂಗ, ಅಳತೆ ಇಲ್ಲೇ. ಫೋಟೋಗಳು ಕ್ಲೌಡಿಗೆ. "ಆರನೆಯದಕ್ಕೆ ಮಾತ್ರ ಯಾರೂ ಕೈ ಹಚ್ಚಬೇಡಿ. ಕೆಡಿಸಿ ಕಲಿಯೋ ನನ್ನ ಅಭ್ಯಾಸವೆಲ್ಲ ಅದರಲ್ಲೇ. ಅದು ಒಂದು ಗಂಟೆ ನಿಂತರೂ ನನಗೆ ಕೈಕಾಲು ಆಡಲ್ಲ."

ಅತ್ತೆ ನಿಧಾನವಾಗಿ ನೀರು ಕುಡಿದರು. "ಬುಧವಾರ ನೀನು ಹೋದ ಮೇಲೆ ನಾನೇ ಅದರ ಪ್ಲಗ್ ಕಿತ್ತೆ. ಇವತ್ತಿಗೆ ಐದನೇ ದಿನ. ಕೂಗ್ತೀಯೇನೋ ಅಂತ ಕಾಯ್ತಾ ಇದ್ದೀನಿ."

ಅವಳು ಎಂಜಲು ಕೈಯಲ್ಲೇ ಕೋಣೆಗೆ ಓಡಿದಳು. ಎಡಗೈಯಿಂದ ಮುಟ್ಟಿ ನೋಡಿದರೆ ಯಂತ್ರ ಕಲ್ಲಿನಂತೆ ತಣ್ಣಗಿತ್ತು. ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಭ್ಯಾಸ ಬೇಕೆನಿಸಿದಾಗ ಕ್ಲೌಡಿನಲ್ಲೇ ಗಂಟೆ ಲೆಕ್ಕದಲ್ಲಿ ಒಂದು ಯಂತ್ರ ತೆಗೆದುಕೊಂಡರಾಯಿತೆಂದು ಒಪ್ಪಿಕೊಂಡಳು. ಮರುವಾರ, ಫೋಟೋಗಳೆಲ್ಲ ಕ್ಲೌಡು ಸೇರಿದ ಮೇಲೆ, ಗಂಡ ಹೆಂಡತಿ ಸೇರಿ ನಾಲ್ಕು ಯಂತ್ರಗಳನ್ನು ಹೊರಗೆ ಹೊತ್ತರು, ಮೇಜನ್ನು ಒಳಗೆ ತಂದರು. ಅತ್ತೆ ಹೊಸ್ತಿಲ ಹತ್ತಿರ ನಿಂತು, "ಎಡಕ್ಕೆ, ಇನ್ನೂ ಎಡಕ್ಕೆ, ಗೋಡೆಗೆ ತಾಗುತ್ತೆ," ಎನ್ನುತ್ತ ಇಬ್ಬರ ಬೆವರನ್ನೂ ಇಳಿಸಿದರು.