ಪಟ್ಟೆ ಟೊಮೆಟೊ ಹೊತ್ತ ಬಣ್ಣದ ಬಕೆಟ್

ನಾನು ಒಂದು ಬಣ್ಣದ ಬಕೆಟ್. ಇಪ್ಪತ್ತು ಲೀಟರಿನವನು. ಪ್ಲಾಸ್ಟಿಕ್ ಕರಗಿಸಿ, ಅಚ್ಚಿಗೆ ಹಾಕಿ ನನ್ನನ್ನು ಮಾಡಿದರು. ಹೊಟ್ಟೆ ತುಂಬ ಕೆಂಪು ಸುರಿದು ಮುಚ್ಚಳ ಬಡಿದರು. ಯಾವುದನ್ನಾದರೂ ಬಣ್ಣ ನೋಡಿಯೇ ತಿಳಿಯಬೇಕು ಎಂದು ಅಂದಿನಿಂದ ನಂಬಿದ್ದೆ. ನಂಬದೆ ಏನು ಮಾಡಲಿ, ನನ್ನ ಹೊಟ್ಟೆಪಾಡೇ ಅದಾಗಿತ್ತು.

ಧಾರವಾಡದ ಪೇಂಟರ್ ದಾವಲಸಾಬ ನನ್ನನ್ನು ಕೊಂಡ. ಕೆಂಪು ಮುಗಿದ ಮೇಲೆ ನನ್ನಲ್ಲಿ ಸುಣ್ಣ ಕಲಸಿದ, ಬ್ರಶ್ ತೊಳೆದ, ಬೋರಲು ಹಾಕಿ ಕೂತು ಚಹಾ ಕುಡಿದ. ಹಿಡಿಕೆ ಕಿತ್ತುಹೋದಾಗ, ತಾನು ಬಣ್ಣ ಹಚ್ಚಿದ ಮನೆಯ ರುಕ್ಮವ್ವನಿಗೆ ನನ್ನನ್ನು ಕೊಟ್ಟುಬಿಟ್ಟ. ಜೊತೆಗೆ ಕಾಗದದ ಪೊಟ್ಟಣದಲ್ಲಿ ಐದು ಬೀಜ.

"ಪಟ್ಟಿ ಟಮಾಟಿ ಬೀಜರಿ ಅಕ್ಕಾರ. ಕೊಟ್ಟವರು ಊರ ಬಿಟ್ಟು ಹೋದ್ರು. ಇವು ಹೋದ್ರ ಮತ್ತ ಸಿಗೂದಿಲ್ಲ."

"ನನ್ನ ಕೈಗುಣ ಚಲೋ ಇಲ್ಲರಿ ಅಣ್ಣಾರ," ಎಂದಳು ರುಕ್ಮವ್ವ.

ಮದುವೆಯಾಗಿ ಬಂದ ವರ್ಷ ಅವಳು ನೆಟ್ಟ ಮಲ್ಲಿಗೆ ಬಳ್ಳಿ ಒಣಗಿತ್ತಂತೆ. ಆಗ ಅತ್ತೆ ಗೌರವ್ವ ಆಡಿದ ಮಾತು ಅದು. ಅತ್ತೆ ಅದನ್ನು ಎಂದೋ ಮರೆತಿದ್ದಳು. ಸೊಸೆ ಮರೆತಿರಲಿಲ್ಲ, ಇಪ್ಪತ್ತು ವರ್ಷ ಮಣ್ಣಿಗೆ ಒಂದು ಬೀಜ ಹಾಕಿರಲಿಲ್ಲ.

ದಾವಲಸಾಬ ಬಿಡಲಿಲ್ಲ. ಮೊಳೆ ಕಾಯಿಸಿ ನನ್ನ ತಳಕ್ಕೆ ತೂತು ಹಾಕಿದ, ಮಣ್ಣು ತುಂಬಿ ರುಕ್ಮವ್ವನ ಕೈಯಿಂದಲೇ ಬೀಜ ಹಾಕಿಸಿದ. ನೋವಾಯಿತು, ಸುಳ್ಳೇಕೆ ಹೇಳಲಿ. ಐದು ಬೀಜಗಳಲ್ಲಿ ಒಂದೇ ಮೊಳೆಯಿತು. ರುಕ್ಮವ್ವ ಅಕ್ಕಿ ತೊಳೆದ ನೀರು ಹಾಕಿದಳು, ಹಳೆ ಸೀರೆಯ ಅಂಚು ಹರಿದು ಗಿಡವನ್ನು ಕೋಲಿಗೆ ಕಟ್ಟಿದಳು. ದಿನಕ್ಕೆ ನಾಲ್ಕು ಸಲ ಬಂದು ಬಗ್ಗಿ ನೋಡುತ್ತಿದ್ದಳು. ಅವಳ ಮುಖದಲ್ಲಿದ್ದ ಹೆದರಿಕೆ ನನಗೆ ಕೆಳಗಿನಿಂದ ಚೆನ್ನಾಗಿ ಕಾಣುತ್ತಿತ್ತು.

ಹನ್ನೊಂದು ಕಾಯಿ ಬಿಟ್ಟವು. ಹಸಿರು ಮೈ, ಮೇಲೆ ಕಡುಹಸಿರು ಪಟ್ಟೆ. ಕೆಂಪಾಗಲೆಂದು ಕಾದೆವು. ಆಗಲಿಲ್ಲ. ದಾವಲಸಾಬನನ್ನು ಕರೆಸಿ ಕೇಳಿದಳು.

"ಮೂವತ್ತು ವರ್ಷ ಬಣ್ಣ ಕಲಸೀನ್ರಿ," ಎಂದ ಅವನು. "ಇದು ಇನ್ನಾ ಕಾಯಿ."

ನಾನೂ ಒಳಗೊಳಗೇ ತಲೆದೂಗಿದೆ. ಒಂದೊಂದಾಗಿ ಎಂಟು ಉದುರಿ, ಒಡೆದು, ಇರುವೆಗಳ ಪಾಲಾದವು. ಉಳಿದ ಮೂರನ್ನು ಒಂದು ಬೆಳಗ್ಗೆ ರುಕ್ಮವ್ವ ಕಿತ್ತಳು. "ಕಾಯಿ ಚಟ್ನಿನರ ಆಗ್ಲಿ. ಗಿಡ ಸಂಜಿಗೆ ಕಿತ್ತ ಒಗೀತೀನಿ," ಎಂದು ತನಗೇ ಹೇಳಿಕೊಂಡಳು. ನನ್ನ ಜೀವ ಬಾಯಿಗೆ ಬಂತು.

ಗೌರವ್ವನ ಕಣ್ಣಿಗೆ ಪೊರೆ ಬಂದಿತ್ತು. ಹಿತ್ತಲ ಮೆಟ್ಟಿಲ ಮೇಲೆ ಈಳಿಗೆ ಇಟ್ಟುಕೊಂಡು ಎಲ್ಲವನ್ನೂ ಕೈ ಅಂದಾಜಿನಲ್ಲೇ ಹೆಚ್ಚುತ್ತಿದ್ದಳು. ಒಂದನ್ನು ಹಿಡಿದು ಮೆಲ್ಲಗೆ ಒತ್ತಿದಳು.

"ಚಟ್ನಿಗಿ ಹಣ್ಣ ಯಾಕ ಕೊಟ್ಟಿ? ಕಾಯಿ ತಾ."

"ಕಾಯಿನ ಅದರಿ ಅತ್ತಿ. ಹಸರ ಐತಿ."

"ಹಸರ ನಿನ್ನ ಕಣ್ಣಿಗೆ. ನನ್ನ ಕೈಗೆ ಹಣ್ಣ ಐತಿ."

ಕೊಯ್ದಾಗ ರಸ ಮೊಣಕೈವರೆಗೆ ಇಳಿಯಿತು. ಗೌರವ್ವ ಅರ್ಧ ಹೋಳನ್ನು ಸೊಸೆಯ ಬಾಯಿಗೇ ಇಟ್ಟಳು. ರುಕ್ಮವ್ವ ಬಾಯಿ ತುಂಬ ಹಣ್ಣು ಇಟ್ಟುಕೊಂಡು ನನ್ನ ಕಡೆ ನೋಡಿದಳು. ಎಂಟು ಹಣ್ಣುಗಳನ್ನು ಕಾಯಿ ಎಂದು ಕೊಳೆಸಿದ್ದೆವು, ನನಗೆ ನಾಚಿಕೆಯಾಯಿತು. ಉಳಿದೆರಡರ ಬೀಜವನ್ನು ಬೂದಿಯಲ್ಲಿ ಉಜ್ಜಿ ನೆರಳಲ್ಲಿ ಒಣಗಿಸಿದರು.

ಅದಾಗಿ ಆರು ವರ್ಷ. ಬಿಸಿಲಿಗೆ ನನ್ನ ಮೈ ಸೀಳಿದೆ, ತಂತಿ ಬಿಗಿದಿದ್ದಾರೆ. ಗಿಡಗಳು ಈಗ ಬೇರೆ ಡಬ್ಬಿಗಳಲ್ಲಿವೆ. ನಾನು ಹಿತ್ತಲ ಮೂಲೆಯಲ್ಲಿ ಬೀಜಕ್ಕೆ ಬೇಕಾದ ಬೂದಿ ಹೊತ್ತು ಹಾಯಾಗಿದ್ದೇನೆ. ಬಣ್ಣದ ವಿಷಯದಲ್ಲಿ ಈಗ ಬಾಯಿ ಹಾಕುವುದಿಲ್ಲ.

ಮೊನ್ನೆ ಓಣಿಯ ಹೆಂಗಸರು ಬೀಜ ಕೇಳಲು ಬಂದರು. ರುಕ್ಮವ್ವ ಬೂದಿಗೆಂದು ನನ್ನ ಬಳಿ ಬಗ್ಗಿದ್ದಳು. ಮೆಟ್ಟಿಲ ಮೇಲಿಂದ ಗೌರವ್ವನ ದನಿ ಕೇಳಿಸಿತು.

"ಬರೇ ಬೀಜ ಒಯ್ಯಬ್ಯಾಡ್ರಿ. ಡಬ್ಬಿ ತಂದು ನಮ್ಮ ಸೊಸಿ ಕೈಲೆ ಹಾಕಿಸ್ಕೊಂಡ ಹೋಗ್ರಿ. ಆಕಿ ಕೈಗುಣ ಚಲೋ ಐತಿ."

ಬೂದಿ ಹಿಡಿದ ಕೈ ನನ್ನೊಳಗೆ ಹಾಗೆಯೇ ನಿಂತಿತು. ಆಮೇಲೆ ಎರಡು ಹನಿ ಬಿದ್ದು ಬೂದಿ ಒದ್ದೆಯಾಯಿತು.