ಪಟ್ಟದ ರಾಣಿಯ ಹಣೆ

ಗೊಂಬೆಯ ಮುಖ ಅಳಿಸಲು ಹತ್ತು ನಿಮಿಷ ಸಾಕು. ಹತ್ತಿಯನ್ನು ಅಸಿಟೋನಿನಲ್ಲಿ ಅದ್ದಿ ಒರೆಸಿದರೆ ಕಾರ್ಖಾನೆಯವರು ಬರೆದ ನಗು ಮೊದಲು ಹೋಗುತ್ತದೆ, ಕಣ್ಣು ಕೊನೆಗೆ. ಹೊಸ ಮುಖ ಬರೆಯಲು ನನಗೆ ನಾಲ್ಕು ದಿನ ಬೇಕು.

ಕೊಪ್ಪದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಮಹಡಿಯ ಮೇಲಿನ ಒಂದು ಕೋಣೆ ನನ್ನ ಸ್ಟುಡಿಯೊ. ಮೈಸೂರಿನ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಓದಿದವಳು ಇಲ್ಲಿ ಕೂತು ಗೊಂಬೆಗಳಿಗೆ ಹುಬ್ಬು ತೀಡುವುದನ್ನು ಕಂಡು ಊರಿನವರು ಮೊದಮೊದಲು ಮರುಗಿದರು. ಆಮೇಲೆ ನನ್ನ ಗಂಡ ಮೋಹಿತ್ ತೀರಿಕೊಂಡ. ಮರುಗಲು ಬೇರೆ ಕಾರಣ ಸಿಕ್ಕಿದ್ದರಿಂದ ಗೊಂಬೆಗಳ ವಿಷಯ ಬಿಟ್ಟರು. ಅದಾಗಿ ಎರಡು ವರ್ಷ.

ಗೊಂಬೆ ಸಂಗ್ರಹಿಸುವವರು ಎಲ್ಲೆಲ್ಲಿಂದಲೋ ಕೊರಿಯರ್‌ನಲ್ಲಿ ಗೊಂಬೆ ಕಳಿಸುತ್ತಾರೆ. ಮುಖ ಅಳಿಸಿ ಬೇರೆ ಬರೆದು ವಾಪಸು ಕಳಿಸುತ್ತೇನೆ. ಕೆಲವರಿಗೆ ಕಿನ್ನರಿ ಬೇಕು. ಆಗ ಬೆನ್ನಿಗೆ ರೆಕ್ಕೆ ಕೂರಿಸಿ, ಕೆನ್ನೆಗೆ ಎಲೆಯ ನರಗಳನ್ನು ಬರೆದು, ಫೋಟೊ ತೆಗೆದು, ಎರಡು ಸಾಲಿನ ಕಥೆಯೊಂದಿಗೆ ಫೋನಿನಲ್ಲಿ ಹಾಕುತ್ತೇನೆ. ನನ್ನ ಕಿನ್ನರಿಯರು ನಗುವುದಿಲ್ಲ, ಅಳುವುದೂ ಇಲ್ಲ. ಕೊಳ್ಳುವವರು ಅದನ್ನು ಪ್ರಶಾಂತ ಭಾವ ಎನ್ನುತ್ತಾರೆ. ನನಗೆ ಬೇರೆ ಮುಖ ಬರುತ್ತಿಲ್ಲ, ಅಷ್ಟೆ.

ಬಟ್ಟೆ ಹೊಲಿಯುವವರು ಕೆಳಗಿನ ಅಂಗಡಿಯ ಸುಲೋಚನಮ್ಮ. ವಯಸ್ಸು ಐವತ್ತು ದಾಟಿದೆ. ಇಡೀ ರಸ್ತೆಗೆ ಬೇಕಾದ ಮುತ್ತೈದೆ. ಗೃಹಪ್ರವೇಶವಿರಲಿ, ಸೀಮಂತವಿರಲಿ, ಐದು ಮುತ್ತೈದೆಯರಲ್ಲಿ ಒಬ್ಬರು ಕಡಿಮೆಯಾದರೆ ಯಾರಾದರೂ ಅವರ ಅಂಗಡಿಯ ಮುಂದೆ ಬಂದು ನಿಲ್ಲುತ್ತಿದ್ದರು. ಮಿಶಿನ್ ನಿಲ್ಲಿಸಿ, ಕತ್ತಿನ ಟೇಪು ತೆಗೆದಿಟ್ಟು ಹೋಗಿಬರುತ್ತಿದ್ದರು. ಬಾಗಿನದಲ್ಲಿ ಬಂದ ರವಿಕೆ ಕಣಗಳು ರವಿಕೆಗೆ ಸಾಲುತ್ತಿರಲಿಲ್ಲ. ಅವು ನನ್ನ ಕಿನ್ನರಿಯರ ಲಂಗಗಳಾಗುತ್ತಿದ್ದವು. ಪುಣೆ, ಕೊಚ್ಚಿಯ ಗಾಜಿನ ಕಪಾಟುಗಳಲ್ಲಿ ಕೊಪ್ಪದ ಸೌಭಾಗ್ಯವನ್ನು ಉಟ್ಟುಕೊಂಡು ಗಂಡನಿಲ್ಲದ ಎಷ್ಟೋ ಕಿನ್ನರಿಯರು ನಿಂತಿದ್ದಾರೆ.

ಸುಲೋಚನಮ್ಮನ ಗಂಡ ದೇವಪ್ಪ ಹದಿನಾಲ್ಕು ವರ್ಷದ ಹಿಂದೆ ಮನೆ ಬಿಟ್ಟವನು. ಹೊಸಪೇಟೆಯ ಕಡೆ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ ಎಂದು ಎಲ್ಲರಿಗೂ ಗೊತ್ತಿತ್ತು. ಅದರಿಂದ ಮುತ್ತೈದೆತನಕ್ಕೆ ಭಂಗವಿರಲಿಲ್ಲ. ಎಲ್ಲಿದ್ದರೇನು, ಇದ್ದಾನಲ್ಲ.

ಹೋದ ಆಷಾಢದಲ್ಲಿ ಒಂದು ದಿನ ಕರೆಂಟ್ ಹೋಗಿತ್ತು. ಸುಲೋಚನಮ್ಮನ ಫೋನ್ ನನ್ನ ಇನ್ವರ್ಟರ್‌ಗೆ ಚಾರ್ಜಿಗಿತ್ತು. ಹೊಡೆದುಕೊಂಡಿತು, ಎತ್ತಿದೆ. ಎನ್.ಆರ್. ಪುರದಿಂದ ದೇವಪ್ಪನ ದಾಯಾದಿ ನಾಗಪ್ಪ. ದೇವಪ್ಪ ಹೋಗಿಬಿಟ್ಟನಂತೆ. ಹನ್ನೊಂದನೆಯ ದಿನವೂ ಅಲ್ಲೇ ಮುಗಿಯಿತಂತೆ. ಮನೆಯವರಿಗೆ ತಿಳಿಸಿಬಿಡಿ ಎಂದ.

ಕೆಳಗೆ ಹೋಗಿ ತಿಳಿಸಿದೆ. ಅವರು ಹಿಡಿದಿದ್ದ ಸೀರೆಯ ಫಾಲ್ ಪೂರ್ತಿ ಹೊಲಿದು ಮುಗಿಸಿ ದಾರ ಕಡಿದರು.

"ಹದಿನಾಲ್ಕು ವರ್ಷ ಇಲ್ದೆ ಇದ್ದೋನು, ಈಗೆಂತ ಹೊಸದಾಗಿ ಇಲ್ದೆ ಹೋಗೋದು" ಎಂದರು. ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟು, "ಯಾರಿಗೂ ಹೇಳ್ಬೇಡ ಮಾರಾಯ್ತಿ. ನಂಗೆ ಅಂತ ಈ ಊರಲ್ಲಿ ಇರೋದು ಆ ಒಂದು ಮುತ್ತೈದೆ ಮಣೆ. ಅದರ ಮೇಲಿಂದ ಏಳ್ಸಿದ್ರೆ ನಾನು ಬರೀ ಟೈಲರ್."

ನಾನು ಹೇಳಲಿಲ್ಲ. ಆ ಶುಕ್ರವಾರ ಮೂಲೆಮನೆಯಿಂದ ಅರಿಶಿನ ಕುಂಕುಮಕ್ಕೆ ಕರೆ ಬಂತು. ಹೋಗಿ ಬಂದರು.

ನವರಾತ್ರಿಗೆ ಆರು ವಾರವಿದ್ದಾಗ ಶೃಂಗೇರಿಯ ತ್ರಿಪುರಸುಂದರಿಯವರು ಬಂದರು. ತೋಳಲ್ಲಿ ಮಗುವನ್ನು ಹಿಡಿದಂತೆ ಒಂದು ರೇಷ್ಮೆ ಗಂಟು ಹಿಡಿದಿದ್ದರು. ಅವರ ಗಂಡ ಯಜ್ಞೇಶರು ಬಾಗಿಲ ಹೊರಗೆ ನಿಂತು, ಚಪ್ಪಲಿ ಬಿಡಬೇಕೋ ಬೇಡವೋ ತೀರ್ಮಾನವಾಗದೆ ಕೊನೆಗೆ ಕಾರಿಗೆ ವಾಪಸಾದರು. ಗಂಟಿನಲ್ಲಿ ಪಟ್ಟದ ಗೊಂಬೆಗಳಿದ್ದವು. ರಕ್ತಚಂದನದ ರಾಜ, ರಾಣಿ. ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವ ಜೋಡಿ. ನವರಾತ್ರಿಯ ಗೊಂಬೆ ಮೆಟ್ಟಿಲ ಮೇಲೆ ಎಲ್ಲ ಗೊಂಬೆಗಳಿಗಿಂತ ಮೊದಲು ಕೂರುವುದು ಇವೇ. ತ್ರಿಪುರಸುಂದರಿಯವರ ಅಜ್ಜಿಗೆ ಕೊಟ್ಟಿದ್ದು, ತಾಯಿಗೆ ಬಂದು, ಅವರಿಗೆ ಬಂದು, ಈಗ ಮೂರು ತಿಂಗಳ ಹಿಂದೆ ಮದುವೆಯಾದ ಮಗಳು ಅನನ್ಯಳಿಗೆ ಹೋಗಬೇಕಿತ್ತು.

"ಅನನ್ಯನೇ ಫೋನಲ್ಲಿ ನಿಮ್ಮ ಕೆಲ್ಸ ತೋರ್ಸಿದ್ದು. ಆ ರೆಕ್ಕೆ ಹುಡುಗೀರು ಎಷ್ಟು ಶಾಂತವಾಗಿದಾರೆ" ಎಂದರು.

ರಾಣಿಯ ಮೇಲೆ ಏಳು ಪದರ ಬಣ್ಣವಿತ್ತು. ಕೊನೆಯ ಪದರ ಬಳಿದವರು ಅಂಗಡಿ ಬೋರ್ಡು ಬರೆಯುವವರಿರಬೇಕು. ಕಣ್ಣಿನಲ್ಲಿ ಆ ಧೈರ್ಯವಿತ್ತು. ಎಲ್ಲ ತೆಗೆದು ಹೊಸದಾಗಿ ಬರೆಯುತ್ತೇನೆಂದೆ. ಅವರು ಸಂತೋಷಪಟ್ಟು ಕೋಣೆಯನ್ನೆಲ್ಲ ನೋಡಿ, ಕೇಳಬೇಕಾದ್ದನ್ನು ಕೇಳಿದರು.

"ಯಜಮಾನರು ಎಂತ ಮಾಡ್ತಾರೆ?"

"ಇಲ್ಲ."

"ಇಲ್ಲ ಅಂದ್ರೆ, ಊರಲ್ಲಿಲ್ವಾ?"

"ಎಲ್ಲೂ ಇಲ್ಲ."

ಅವರ ಕೈ ತಾನಾಗಿ ರಾಣಿಯ ಮೇಲೆ ಹೋಯಿತು. ಆಮೇಲೆ ಅವರಿಗೇ ನಾಚಿಕೆಯಾಗಿ, ಕೈ ತೆಗೆದರು.

"ನಮ್ಗೆ ಎಂತದೂ ಇಲ್ಲಮ್ಮ. ನಾವು ಅಂಥವ್ರಲ್ಲ. ನಮ್ಮನೆಯವ್ರಂತೂ ಇದನ್ನೆಲ್ಲ ನಂಬೋದೇ ಇಲ್ಲ. ಆದ್ರೆ ಇದು ಹುಡುಗಿ ಮದ್ವೆ ಗೊಂಬೆ ನೋಡಿ. ನಾಳೆ ಬೀಗ್ರ ಮನೇಲಿ ಯಾರಾದ್ರೂ ಒಂದು ಮಾತು..."

"ವಾಪಸು ತಗೊಂಡು ಹೋಗಿ, ಪರವಾಗಿಲ್ಲ" ಎಂದೆ.

"ಛೆ, ಛೆ. ಬಣ್ಣ ನೀವೇ ಹಾಕಿ. ಹಣೇ ಕುಂಕುಮ, ಕತ್ತಿನ ತಾಳಿ, ಇವೆರಡನ್ನ ಮಾತ್ರ ಒಬ್ರು ಮುತ್ತೈದೆ ಕೈಲಿ ಇಡ್ಸಿಬಿಡೋಣ. ಅಷ್ಟೆ."

"ರಾಜನ ಮೀಸೆ?"

ಅವರು ನಿಜವಾಗಿಯೂ ಯೋಚಿಸಿದರು. "ಮೀಸೆ ನೀವೇ ಬರೀಬಹುದು" ಎಂದರು.

ಮುತ್ತೈದೆಯನ್ನು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ತ್ರಿಪುರಸುಂದರಿಯವರು ಇಳಿಯುವಾಗ ಮೆಟ್ಟಿಲ ಬುಡದಲ್ಲೇ ಸುಲೋಚನಮ್ಮ ಸಿಕ್ಕರು. ದೊಡ್ಡ ಕುಂಕುಮ, ಕೈತುಂಬ ಹಸಿರು ಬಳೆ. ನಾನು ಮೇಲಿನಿಂದ ಕೇಳಿಸಿಕೊಳ್ಳುತ್ತಿದ್ದೆ.

"ನಿಮ್ಮ ಯಜಮಾನರು?" ತ್ರಿಪುರಸುಂದರಿಯವರು ಈಗ ಒಮ್ಮೆ ಪಾಠ ಕಲಿತಿದ್ದರು.

"ಹೊರಗಿದಾರೆ" ಎಂದರು ಸುಲೋಚನಮ್ಮ.

"ದೂರವಾ?"

"ದೂರವೇ."

"ಬರ್ತಾ ಇರ್ತಾರಾ?"

"ಬರೋ ಸುದ್ದಿ ಎಂತದೂ ಇಲ್ಲ."

"ಪಾಪ. ಈಗಿನ ಕೆಲ್ಸಗಳೇ ಹಂಗೆ" ಎಂದರು ತ್ರಿಪುರಸುಂದರಿಯವರು.

ರಾಣಿ ಮೂರು ವಾರ ನನ್ನ ಮೇಜಿನ ಮೇಲಿದ್ದಳು. ಪದರ ಪದರವಾಗಿ ಬಣ್ಣ ತೆಗೆದಾಗ ಕೆಳಗಿನ ಕೆತ್ತನೆ ಕಂಡಿತು. ಎಡಗಣ್ಣು ಬಲಗಣ್ಣಿಗಿಂತ ಎಳ್ಳಿನಷ್ಟು ಕೆಳಗಿತ್ತು. ಕೆತ್ತಿದವನು ಯಾರನ್ನೋ ನೋಡಿ ಕೆತ್ತಿರಬೇಕು. ಅದನ್ನು ತಿದ್ದಲಿಲ್ಲ. ಕಣ್ಣು, ಹುಬ್ಬು, ತುಟಿ ಬರೆದೆ. ರಾಜನಿಗೆ ಮೀಸೆ ಬರೆದೆ. ಹಣೆ ಮತ್ತು ಕತ್ತು ಖಾಲಿ ಬಿಟ್ಟೆ. ನಾನು ಮುಟ್ಟಿದ ಮುಖವನ್ನು ಇನ್ನೊಂದು ಕೈ ಮುಗಿಸುವುದು ನನಗೆ ಅಭ್ಯಾಸವಿರಲಿಲ್ಲ. ಖಾಲಿ ಹಣೆಯ ಆ ಮುಖವನ್ನು ದಿನವೂ ನೋಡುತ್ತಿದ್ದೆ. ಸ್ನಾನದ ಮನೆಯ ಕನ್ನಡಿಯಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿತ್ತು, ಬಣ್ಣ ಹೊಸದು.

ಪಿತೃಪಕ್ಷ ಶುರುವಾಗುವ ಮೊದಲೇ ಕೆಲಸ ಮುಗಿಸಬೇಕೆಂದು ಒಂದು ಗುರುವಾರ ಬೆಳಿಗ್ಗೆ ತ್ರಿಪುರಸುಂದರಿಯವರು ಬಂದರು. ಸುಲೋಚನಮ್ಮ ಕಾಲು ತೊಳೆದು ಮೇಲೆ ಬಂದರು. ನಾನು ಕುಂಕುಮದ ಕೆಂಪನ್ನು ಕಲಸಿ, ಅತಿ ಸಣ್ಣ ಕುಂಚವನ್ನು ಅವರಿಗೆ ಕೊಟ್ಟೆ. ನಾಲ್ಕು ಕೂದಲಿನ ಕುಂಚ. ಸೂಜಿಯ ಕಣ್ಣಿಗೆ ಒಂದೇ ಸಲಕ್ಕೆ ದಾರ ಪೋಣಿಸುವ ಕೈ ಅದು.

ಮೊದಲ ಬೊಟ್ಟು ಜಾರಿ ಹುಬ್ಬಿನ ಮೇಲೆ ಹೋಯಿತು. ಒದ್ದೆ ಹತ್ತಿಯಿಂದ ಒರೆಸಿದೆ. ಎರಡನೆಯದು ಮೂಗಿನವರೆಗೆ ಇಳಿಯಿತು.

"ನಿಧಾನ, ನಿಧಾನ" ಎಂದರು ತ್ರಿಪುರಸುಂದರಿಯವರು.

ಮೂರನೆಯದು ಅಡಿಕೆ ಹೋಳಿನಷ್ಟಾಯಿತು. ರಾಣಿಗೆ ಯಾರೋ ಹೊಡೆದಂತೆ ಕಂಡಿತು. ಸುಲೋಚನಮ್ಮನ ಹಣೆಯಲ್ಲಿ ಬೆವರು ಬಂದು ಅವರದೇ ಕುಂಕುಮ ಅಂಚಿನಲ್ಲಿ ಕರಗುತ್ತಿತ್ತು.

"ನಿಮ್ಗೆ ಆಗ್ದಿದ್ರೆ ಹೇಳಿಬಿಡಿ" ಎಂದರು ತ್ರಿಪುರಸುಂದರಿಯವರು. "ಕಿಗ್ಗದಲ್ಲಿ ನಮ್ಮತ್ತಿಗೆ ಇದಾರೆ, ಕರೆಸ್ತೀನಿ. ಆದ್ರೆ ಒಂದು ಶಾಸ್ತ್ರ ಶುರು ಮಾಡಿ ಕೈ ಬದ್ಲಾಯಿಸಿದ್ರೆ, ಯಾಕೆ ಅಂತ ಕೇಳ್ತಾರೆ. ಎಂತ ಹೇಳೋದು ಅವ್ರಿಗೆ?"

ಸುಲೋಚನಮ್ಮ ನನ್ನನ್ನು ನೋಡಿದರು. ಯಾಕೆ ಎಂದು ಒಬ್ಬರು ಕೇಳಿದರೆ ಸಾಕಿತ್ತು. ಕಿಗ್ಗದಿಂದ ಕೊಪ್ಪಕ್ಕೆ, ಕೊಪ್ಪದಿಂದ ನಾಗಪ್ಪನಿರುವ ಎನ್.ಆರ್. ಪುರಕ್ಕೆ ದಿನಕ್ಕೆ ಎಷ್ಟೋ ಬಸ್ಸುಗಳಿವೆ.

"ಪೇಟೆ ಕೆಲಸ ಇದ್ರೆ ಮುಗಿಸಿ ಬನ್ನಿ" ಎಂದೆ ತ್ರಿಪುರಸುಂದರಿಯವರಿಗೆ. "ಯಾರಾದ್ರೂ ನೋಡ್ತಾ ಇದ್ರೆ ಕೈ ನಿಲ್ಲಲ್ಲ."

ಬಾಗಿನಕ್ಕೆ ಹೂವು, ವೀಳ್ಯದೆಲೆ ತರಬೇಕಿತ್ತು. ಒಂದು ಗಂಟೆಯಲ್ಲಿ ಬರುತ್ತೇನೆಂದು ಹೋದರು.

ಸುಲೋಚನಮ್ಮ ಕುಂಚ ಕೆಳಗಿಟ್ಟು ಸೆರಗಿನಿಂದ ಕೈ ಒರೆಸಿಕೊಂಡರು.

"ಬೇಕಂತಲೇ ಕೆಡ್ಸಿದ್ರಾ?" ಎಂದೆ.

"ಒಂದು ಸಲ ಬೇಕಂತ. ಎರಡು ಸಲ ತಾನಾಗೇ."

"ಶುಕ್ರವಾರ ಹೋಗಿ ಕುಂಕುಮ ಇಡ್ಸಿಕೊಂಡು ಬರ್ತೀರಿ. ಆಗ ನಡುಗಲ್ಲ."

"ಇಡ್ಸಿಕೊಳ್ಳೋದು ಬೇರೆ ಮಾರಾಯ್ತಿ. ನಾನು ತಗೊಂಡಿದ್ದು ಸುಳ್ಳಾದ್ರೆ ನಂಗೇ ಆಗ್ಲಿ. ಇದು ಕೊಡೋದು. ಆ ಹುಡುಗಿ ಮದ್ವೆಯಾಗಿ ಇನ್ನೂ ಮೂರು ತಿಂಗ್ಳು. ನಾಳೆ ಅವ್ಳ ಗಂಡಂಗೆ ಒಂದು ಶೀತ ಆದ್ರೂ ನಂಗೆ ನಿದ್ದೆ ಬರಲ್ಲ."

"ಗೊಂಬೆ ಅದು."

"ಹೌದಾ? ಮತ್ತೆ ನೀನ್ಯಾಕೆ ಮೂರು ವಾರದಿಂದ ಕಿನ್ನರಿ ಒಂದನ್ನೂ ಮುಟ್ಟದೆ ಅದ್ರ ಮುಖ ನೋಡ್ತಾ ಕೂತಿದೀಯ?"

ನಾನು ಹತ್ತಿ ಎತ್ತಿಕೊಂಡೆ. ಬೊಟ್ಟು ಒರೆಸತೊಡಗಿದೆ. ಕೆಂಪು ಹೋಗಿ ಹಣೆ ಮತ್ತೆ ಖಾಲಿಯಾಯಿತು.

"ಕಿಗ್ಗದೋರನ್ನ ಕರೆಸ್ಲಿ ಹಂಗಾದ್ರೆ" ಎಂದೆ.

"ಕರೆಸ್ಲಿ. ಎಲ್ಲರಿಗೂ ಗೊತ್ತಾಗ್ಲಿ. ಮಣೆ ಹೋಗುತ್ತೆ, ಹೋಗ್ಲಿ." ಆದರೆ ಏಳಲಿಲ್ಲ. ಬಳೆಗಳನ್ನು ಒಂದೊಂದಾಗಿ ಮೊಣಕೈಯ ಕಡೆ ಸರಿಸುತ್ತ ಕೂತರು. ಆಮೇಲೆ ಕುಂಚವನ್ನು ನನ್ನ ಕಡೆ ನೂಕಿದರು.

"ನೀನಿಡು."

"ನಾನಾ? ನಾನು ಇಡಬಾರ್ದು ಅಂತ ತಾನೆ ನಿಮ್ಮನ್ನ ಕರೆದದ್ದು?"

"ಗೊತ್ತು. ನೋಡು, ನಾನು ಇಟ್ರೆ ಅದು ಸುಳ್ಳು. ನೀನು ಇಟ್ರೆ ಅದು ಕೆಲ್ಸ. ಕೆಲ್ಸಕ್ಕೆ ದೋಷ ಇಲ್ಲ."

"ಅವರು ಕೇಳಿದ್ರೆ?"

"ಕೇಳಿದ್ರೆ ಸುಳ್ಳು ನಾನು ಹೇಳ್ತೀನಿ. ಅಷ್ಟು ಮಾತ್ರ ನಂಗೆ ಬಿಡು."

ಕುಂಚ ತೆಗೆದುಕೊಂಡೆ. ಉಸಿರು ಬಿಗಿಹಿಡಿದು, ಹುಬ್ಬುಗಳ ನಡುವೆ, ತಗ್ಗಿದ ಎಡಗಣ್ಣಿಗೆ ಸರಿಯಾಗುವಂತೆ ಕೂದಲಿನಷ್ಟು ಎಡಕ್ಕೆ ಬೊಟ್ಟಿಟ್ಟೆ. ಕತ್ತಿನಲ್ಲಿ ಬಂಗಾರದ ಬಣ್ಣದಲ್ಲಿ ಎರಡು ತಾಳಿ ಬೊಟ್ಟು ಬರೆದೆ. ಒಂದು ನಿಮಿಷವೂ ಹಿಡಿಯಲಿಲ್ಲ. ನನಗೆ ಏನೂ ಅನಿಸಲಿಲ್ಲ.

ಸುಲೋಚನಮ್ಮ ಬಗ್ಗಿ ನೋಡಿದರು. "ಈಗ ಅವ್ಳಿಗೆ ಜೀವ ಬಂತು" ಎಂದರು. ಆಮೇಲೆ, "ನಿನ್ನ ಬೆರಳಿಗೆ ಕೆಂಪು ಹತ್ತಿದೆ. ಒರೆಸ್ಕೋ. ಸಾಕ್ಷಿ ಅದೊಂದೇ."

ಒರೆಸಿಕೊಂಡೆ. ಕುಂಚವನ್ನು ಅವರ ಕೈಗೆ ಕೊಟ್ಟೆ. ಹಿಡಿದುಕೊಂಡು ಕೂತರು.

ತ್ರಿಪುರಸುಂದರಿಯವರು ಬಂದು ರಾಣಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಕಣ್ಣಲ್ಲಿ ನೀರು ಬಂತು.

"ಬಣ್ಣ ಚೆನ್ನಾಗಿ ಹಾಕಿದೀರಿ, ಇಲ್ಲ ಅನ್ನಲ್ಲ" ಎಂದರು ನನಗೆ. "ಆದ್ರೆ ಮೂರು ವಾರದ ಕೆಲ್ಸ ಒಂದು ಕಡೆ, ಆ ಬೊಟ್ಟು ಒಂದು ಕಡೆ. ಮುತ್ತೈದೆ ಕೈ ಅಂದ್ರೆ ಇದು. ಓದಿದ್ರೆ ಬರಲ್ಲ."

"ಬರಲ್ಲ" ಎಂದರು ಸುಲೋಚನಮ್ಮ.

ತ್ರಿಪುರಸುಂದರಿಯವರು ಸುಲೋಚನಮ್ಮನನ್ನು ಮಣೆಯ ಮೇಲೆ ಕೂರಿಸಿ, ಮೊರದ ಬಾಗಿನ ಕೊಟ್ಟು, ಬಗ್ಗಿ ನಮಸ್ಕಾರ ಮಾಡಿದರು. ಸುಲೋಚನಮ್ಮ ತಲೆಯ ಮೇಲೆ ಕೈಯಿಟ್ಟು, "ಆ ಹುಡುಗಿ ಚೆನ್ನಾಗಿರ್ಲಿ" ಎಂದರು. ಅದು ಸುಳ್ಳಾಗಿರಲಿಲ್ಲ. ನನಗೆ ಎರಡು ಬಾಳೆಹಣ್ಣು ಬಂದವು. ಕುಂಕುಮದ ಬಟ್ಟಲು ನನ್ನ ಮುಂದೆ ಬರುವಾಗ ಬಹಳ ನಯವಾಗಿ, ಏನೂ ನಡೆಯದ ಹಾಗೆ, ತಿರುಗಿಕೊಂಡು ಹೋಯಿತು.

ನವರಾತ್ರಿಯ ಎರಡನೆಯ ದಿನ ಅನನ್ಯ ರಾಜ ರಾಣಿಯರ ಫೋಟೊ ಹಾಕಿದಳು. ಬಣ್ಣ ಬರೆದವಳ ಹೆಸರಿತ್ತು. ಅದರ ಕೆಳಗೆ, ಕುಂಕುಮವಿಟ್ಟ ಹಿರಿಯ ಸುಮಂಗಲಿಗೆ ಪ್ರಣಾಮವಿತ್ತು. ವಿಜಯದಶಮಿ ಕಳೆಯುವಷ್ಟರಲ್ಲಿ ಮೂರು ಮನೆಗಳಿಂದ ಫೋನ್ ಬಂತು. ಶೃಂಗೇರಿಯಿಂದ ಎರಡು, ಎನ್.ಆರ್. ಪುರದಿಂದಲೂ ಒಂದು. ಎಲ್ಲರೂ ಕೇಳಿದ್ದು ಒಂದೇ. ಬಣ್ಣ ಯಾರು ಹಾಕಿದರೂ ಸರಿ, ಬೊಟ್ಟು ಮಾತ್ರ ಆ ಅಮ್ಮನೇ ಇಡಬೇಕು.

"ಎನ್.ಆರ್. ಪುರದ್ದು ಬೇಡ" ಎಂದರು ಸುಲೋಚನಮ್ಮ. "ನಾಗಪ್ಪನ ಊರು. ಉಳಿದಿದ್ದು ಒಪ್ಕೊ."

ಈಗ ಪಟ್ಟದ ಗೊಂಬೆ ಬಂದಾಗ ಅವರು ಕಾಲು ತೊಳೆದು ಮೇಲೆ ಬರುತ್ತಾರೆ. ಬಾಗಿಲು ಹಾಕುತ್ತೇವೆ. ನಾನು ಬೊಟ್ಟಿಡುತ್ತೇನೆ. ಅವರು ಸ್ಟೂಲಿನ ಮೇಲೆ ಕೂತು ಕಾಜ ಹೊಲಿಯುತ್ತಾರೆ. ಆಮೇಲೆ ಬಾಗಿಲು ತೆಗೆದು, ಕುಂಚ ಹಿಡಿದುಕೊಂಡು ಹೊರಗೆ ಬರುತ್ತಾರೆ.

ತ್ರಿಪುರಸುಂದರಿಯವರ ಬಾಗಿನದಲ್ಲಿ ಕೆಂಪಂಚಿನ ಹಸಿರು ಕಣವಿತ್ತು. ಅದರಲ್ಲಿ ಪುಣೆಯವರ ಕಿನ್ನರಿಗೆ ಲಂಗವಾಯಿತು. ಫೋಟೊದ ಕೆಳಗೆ ಕಥೆ ಬರೆಯಬೇಕಿತ್ತು. ಬಹಳ ಯೋಚಿಸಲಿಲ್ಲ. "ಇವಳಿಗೆ ಯಾರೂ ಇಲ್ಲ. ಆರಾಮಾಗಿದ್ದಾಳೆ" ಎಂದು ಹಾಕಿದೆ.

ಎಷ್ಟೋ ಜನ ಮೆಚ್ಚಿದರು. ಸುಲೋಚನಮ್ಮ ಕನ್ನಡಕ ಹಾಕಿಕೊಂಡು ಹೆಸರುಗಳನ್ನು ಒಂದೊಂದಾಗಿ ಓದಿದರು. ಎಲ್ಲರಿಗಿಂತ ಮೊದಲು ಕೆಂಪು ಹೃದಯ ಒತ್ತಿದ್ದವರು ತ್ರಿಪುರಸುಂದರಿಯವರು.